ಹನ್ನೆರಡನೆಯ ತಿಂಗಳು

ಗೇಟಿಗೆ ತಂತಿಯಲ್ಲಿ ಬಿಗಿದ ರಟ್ಟಿನ ತುಂಡು:
ಮನೆ ಬಾಡಿಗೆಗೆ. ಫ್ಯಾಮಿಲಿಗೆ ಮಾತ್ರ.
ಮಲಯಾಳದಲ್ಲೊಮ್ಮೆ, ಕೆಳಗೆ ಕನ್ನಡದಲ್ಲಿ;
ಕನ್ನಡ ಬರೆದವರು ಹೊಟ್ಟೆ ಸೀಳಲು ಮರೆತು
ಪ್ಯಾಮಿಲಿ ಆಗಿತ್ತು.
ಅದರ ಮುಂದೆ ನಾವು ಮೂವರು ನಿಂತೆವು,
ನಾನು, ಮಗಳು ಮೇಘಶ್ರೀ, ಅತ್ತೆ.

ನೆಲ್ಲಿಕುಂಜೆಯ ಈ ಓಣಿಯಲ್ಲಿ ಎಲ್ಲರೂ ಸಂಸಾರವಂದಿಗರು.
ಸಂಜೆಗೆ ಸೈಕಲ್ಲು, ಟ್ಯೂಷನ್ನು, ಕುಕ್ಕರಿನ ಸೀಟಿ,
ಮೀನಿನವನ ಪೋಂ ಪೋಂ,
ಎಲ್ಲದರ ಹಿಂದೆ
ಮಾತು ಮುಗಿಸಲು ಬಾರದ ಕಡಲು.

"ಗಂಡ?" ಅಂದರು ಆಸ್ಯಮ್ಮ,
ಬೀಗದ ಕೈ ಇನ್ನೂ ಅವರ ಮುಷ್ಟಿಯೊಳಗೆ.
ಗಲ್ಫ್ ಅಂದುಬಿಟ್ಟರೆ ಈ ಊರಲ್ಲಿ
ಮುಂದೆ ಯಾರೂ ಕೇಳುವುದಿಲ್ಲ. ಅನ್ನುವುದರಲ್ಲಿದ್ದೆ.
ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು:
"ಬಿಟ್ಟು ಹೋದವನು ನನ್ನ ಮಗ.
ನಾನು ಇವಳ ಜೊತೆ ಬಂದೆ."
ಆಸ್ಯಮ್ಮ ಬೆರಳು ಮಡಚಿದರು,
ಒಂದು, ಎರಡು, ಮೂರು.
"ಫ್ಯಾಮಿಲಿ ತನ್ನೆ" ಅಂದು ಮುಷ್ಟಿ ಬಿಚ್ಚಿದರು.

ಇದಕ್ಕೆ ಮುಂಚೆ ಏಳು ಕಡೆ ಕೇಳಿದ್ದೆವು.
ದಲ್ಲಾಳಿ ಅಂಬಾಡಿ ಫೋನಿನಲ್ಲಿ ದಿನವೂ ಒಂದೇ ಮಾತು: "ಇಲ್ಲ."
ಅತ್ತೆಯ ತುಳು ಕಿವಿಗೆ ಅದು ಇಲ್ಲ್, ಮನೆ.
ಒಂದು ದಿನ ಪಾತ್ರೆಯನ್ನೆಲ್ಲ ಗೋಣಿಗೆ ತುಂಬಿ
ಬಾಗಿಲಲ್ಲಿ ಕೂತೇಬಿಟ್ಟಿದ್ದರು.
ನಕ್ಕಿದ್ದೆ.
ಗೋಣಿ ಬಿಚ್ಚುವಾಗ ನಗು ಬರಲಿಲ್ಲ.

ಆಧಾರ ಬರೆಯುವವರ ಆಫೀಸಿನಲ್ಲಿ ನಾನು ಟೈಪಿಸ್ಟು.
ದಿನಕ್ಕೆ ನಾಲ್ಕು ಕರಾರು, ಊರವರಿಗೆಲ್ಲ:
ಸದರಿ ಮನೆ, ಸದರಿ ಬಾವಿ,
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ,
ಅವಧಿ ಹನ್ನೊಂದು ತಿಂಗಳು.
ಹನ್ನೆರಡಾದರೆ ರಿಜಿಸ್ಟ್ರಿ, ಖರ್ಚು, ತಕರಾರು.
ಈ ಸಲ 'ಬಾಡಿಗೆದಾರಳು' ಎಂಬಲ್ಲಿ
ನನ್ನದೇ ಹೆಸರು ಹೊಡೆಯುವಾಗ ಬೆರಳು ತಡವರಿಸಿತು:
ಉಳಿದೊಂದು ತಿಂಗಳು
ಕಾನೂನಿನ ಲೆಕ್ಕದಲ್ಲಿ ನಾವು ಎಲ್ಲಿರುತ್ತೇವೆ?

ಉಪ್ಪುಗಾಳಿಗೆ ಇಲ್ಲಿ ಯಾವುದೂ ಹೊಸತಾಗಿ ಉಳಿಯುವುದಿಲ್ಲ.
ಗ್ಯಾಸ್ ಒಲೆಯ ಕಾಲು, ಮೇಘಶ್ರೀಯ ಕಂಪಾಸ್ ಡಬ್ಬಿ;
ಕಿಟಕಿಯ ಸರಳು ಹಿಡಿದರೆ ಅಂಗೈಯಲ್ಲಿ ಕಂದು ಹುಡಿ.
ನಾವು ಬಂದ ಮೇ ತಿಂಗಳಲ್ಲಿ ಬಾವಿಯೇ ಉಪ್ಪು,
ಸಾರಿಗೆ ಉಪ್ಪು ಹಾಕುವ ಮೊದಲು ರುಚಿ ನೋಡುವುದು ಕಲಿತೆವು.
ಆಸ್ಯಮ್ಮನ ಪೈಪಿನ ನೀರು ದಿನಕ್ಕೆ ನಾಲ್ಕು ಕೊಡ
ಪಾಗಾರದ ಮೇಲಿಂದ ಈಚೆ ಬರುತ್ತಿತ್ತು,
ನೀರುದೋಸೆ ಆಚೆ ಹೋಗುತ್ತಿತ್ತು.
ಕರಾರಿನಲ್ಲಿ ಇವೆರಡೂ ಇಲ್ಲ.

ತಾರಸಿಯ ಮೂಲೆ ಮೂಲೆಯಲ್ಲಿ ಕಬ್ಬಿಣದ ಕಂಬಿಗಳು
ಆಕಾಶ ನೋಡುತ್ತ ನಿಂತಿವೆ.
ಶಾರ್ಜಾದ ಎರಡನೆಯ ಮಗ ಬಂದರೆ ಮೇಲಂತಸ್ತು.
ಒಂಬತ್ತು ವರ್ಷ ಆಯಿತು.
ರಜೆಗೆ ಬಂದ, ಟೇಪು ಹಿಡಿದು ಅಳೆದ, ಹೋದ.
ಕಂಬಿಯಿಂದ ಕಂಬಿಗೆ ಹಗ್ಗ ಬಿಗಿಯಲೇ ಎಂದು ಕೇಳಿದೆ,
ಗೋಡೆಗೇನೂ ಆಗದು ಎಂದೂ ಸೇರಿಸಿದೆ.
"ಕೆಟ್ಟಿಕ್ಕೊ ಮೋಳೆ" ಅಂದರು.
ಹೊಡೆಯಬಾರದ ಮೊಳೆಗೂ
ಅವರ ಬಾಯಿಯ ಮಗಳಿಗೂ
ನಡುವೆ ಒಂದೇ ಒಂದು ದೀರ್ಘ.
ಟೈಪಿಸ್ಟಿಗಲ್ಲದೆ ಇನ್ನಾರಿಗೆ ಕಾಣಬೇಕು ಅದು.

ಹನ್ನೊಂದು ಮೊನ್ನೆ ಮುಗಿಯಿತು.
ಛಾಪಾ ಕಾಗದ ತರಲು ನಾನು ಮರೆತೆ,
ಆಸ್ಯಮ್ಮನೂ ಕೇಳಲಿಲ್ಲ.
(ಬಾಡಿಗೆ ಐನೂರು ಏರಿಸಿದರು, ಅದು ಬೇರೆ ಮಾತು.)
ಬಾವಿ ಮತ್ತೆ ಉಪ್ಪಾಗುತ್ತಿದೆ.
ಯಾವ ಕಾಗದದಲ್ಲೂ ಇಲ್ಲದ ಈ ತಿಂಗಳ ಬಿಸಿಲಿಗೆ
ಅತ್ತೆ ಸಂಡಿಗೆ ಇಟ್ಟಿದ್ದಾರೆ.

ಒದ್ದೆ ಸೀರೆ, ಬೆಡ್‌ಶೀಟು ನಾಲ್ಕು ದಿಕ್ಕಿಗೆ ಹರಡಿ
ನಡುವೆ ಚಾಪೆ ಹಾಸಿಕೊಂಡು
ಮೇಘಶ್ರೀ ಹೇಳುತ್ತಾಳೆ: ಇದು ನನ್ನ ರೂಮು.
ಮನೆ ಆಸ್ಯಮ್ಮನದು, ತಾರಸಿ ಅವರದು,
ಕಂಬಿಯೂ ಅವರದೇ.
ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವರು
ಸೀರೆಯ ಅಂಚನ್ನು ಎರಡು ಬಾರಿ ತಟ್ಟಿ
ಹೊರಗೇ ನಿಂತು ಕೇಳುತ್ತಾರೆ:
"ಬರಲಾ?"