ಲೋಪ, ಆಗಮ, ಆದೇಶ

ತುರ್ಕು ನಗರದ ನವೆಂಬರಿನಲ್ಲಿ
ನಾಲ್ಕಾಗುವ ಮೊದಲೇ ದೀಪ ಹಚ್ಚಬೇಕು.
ಇರ್ಮೆಲಿ ಹಚ್ಚುವುದಿಲ್ಲ. ಪರದೆಯ ಬೆಳಕು ಸಾಕು,
ಅದರಲ್ಲಿ ಕೆಂಪು ಬೇರೆ ಉರಿಯುತ್ತಿದೆ:
ಹದಿನೇಳು ಪರೀಕ್ಷೆ ಫೇಲು.

ಅವಳು ಈ ಹೊಸ ಪಾರ್ಸರಿನ ಒಂದು ಸಾಲನ್ನೂ ಬರೆದವಳಲ್ಲ.
ಬರೆದವಳು ಪಿಹ್ಲಾ, ದೂರದ ಔಲುವಿನಲ್ಲಿ,
ಬಾಣಂತಿ ರಜೆಯಲ್ಲಿ, ಮಗು ಮಲಗಿದ ಹೊತ್ತು ಕದ್ದು.
ಇರ್ಮೆಲಿಯ ಕೆಲಸ ಇಷ್ಟೇ:
ಯಾರು ಮೊದಲು, ಯಾರು ಆಮೇಲೆ,
ಯಾರು ಸದ್ಯಕ್ಕೆ ಕೈಕಟ್ಟಿ ಕೂರಬೇಕು.
ಮದುವೆಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವರ ಹಾಗೆ
ಊಟ ಅವರದಲ್ಲ, ಬೈಗುಳ ಮಾತ್ರ ಅವರದು.

"ಅನುವಾದದ ಕವಲು ಗುರುವಾರದವರೆಗೆ ನಿಲ್ಲಲಿ.
ಹುಡುಕುವ ಪಟ್ಟಿಯನ್ನು ಮೊದಲು ಒಳಗೆ ತನ್ನಿ.
ಪುಟಗಳ ಬಣ್ಣ ಬದಲಿಸುವವರು
ದಯವಿಟ್ಟು ಈ ವಾರ ಬಣ್ಣ ಬದಲಿಸಬೇಡಿ."

ಹಳೆಯದು ವೇಯ್ಕೋನದು.
ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಚಳಿಗಾಲದಲ್ಲಿ
ಸಿಕ್ಕ ಚಿಂದಿಗೆ ಸಿಕ್ಕ ಚಿಂದಿ ಸೇರಿಸಿ ಹೊಲಿದ ಕೌದಿ.
ಆರುನೂರ ನಾಲ್ಕನೆಯ ಸಾಲಿನಲ್ಲಿ ಒಂದು ಎಚ್ಚರಿಕೆ:
ಮುಟ್ಟಬೇಡಿ.
ಏಕೆಂದು ಬರೆದಿಲ್ಲ.
ಮುಟ್ಟಿದವರೂ ಇಲ್ಲ.

ತೊಡಕು ಅಲ್ಲೇ.
ಟಿಪ್ಪಣಿಗೂ ಅದು ವಿವರಿಸುವ ಹೆಸರಿಗೂ ನಡುವೆ
ಒಂದು ಖಾಲಿ ಸಾಲು ಬಿದ್ದರೆ
ಹಳೆಯದು ಕಂಡೂ ಕಾಣದಂತೆ ಎರಡನ್ನೂ ಕೂಡಿಸುತ್ತಿತ್ತು.
ಹೊಸದು ನಿಷ್ಠುರ. ಖಾಲಿ ಎಂದರೆ ಖಾಲಿ,
ಟಿಪ್ಪಣಿ ಇನ್ನು ಯಾರದೂ ಅಲ್ಲ.
"ಹಳೆಯದೇ ತಪ್ಪು" ಎಂದು ಪಿಹ್ಲಾ ಬರೆದಳು.
ನಿಜವೇ.
ಆದರೆ ಆ ತಪ್ಪನ್ನು ನಂಬಿ
ಹನ್ನೊಂದು ಸಾವಿರ ಪುಟ ನಿಂತಿವೆಯಲ್ಲ?

ವೇಯ್ಕೋ ಈಗ ದ್ವೀಪವೊಂದರಲ್ಲಿ ಜೇನು ಸಾಕುತ್ತಾನೆ.
ಫೋನು ಎತ್ತುವುದಿಲ್ಲ.
ನಾಲ್ಕನೆಯ ದಿನ ಉತ್ತರ ಬಂತು:
"ನೆನಪಿಲ್ಲ. ಆಗ ಯಾರೋ ಕೇಳಿದರು, ಹಾಕಿದೆ.
ನಿಮಗೆ ತೋಚಿದ ಹಾಗೆ ಮಾಡಿ.
ಈ ಸಲ ಜೇನು ಕಡಿಮೆ."

ಎರಡು ಪದ ಕೂಡುವಾಗ
ಎರಡೂ ಇದ್ದ ಹಾಗೇ ಇರುವುದಿಲ್ಲ,
ಕನ್ನಡ ಶಾಲೆಯಲ್ಲಿ ಕೂತೆದ್ದವರಿಗೆ ಗೊತ್ತು.
ಮಾತು, ಇಲ್ಲ: ಮಾತಿಲ್ಲ. ಒಂದು ಉಕಾರ ಸದ್ದಿಲ್ಲದೆ ಹೋಯಿತು.
ಚಳಿ, ಕಾಲ: ಚಳಿಗಾಲ. ಕ ಇದ್ದಲ್ಲಿ ಗ ಬಂದು ಕೂತಿತು.
ನದಿ, ಅನ್ನು: ನದಿಯನ್ನು.
ಆ ಯ ಯಾರ ಕಡೆಯದು? ಇವರದೂ ಅಲ್ಲ, ಅವರದೂ ಅಲ್ಲ.
ಮೇಷ್ಟ್ರು ನಿಯಮ ಬಾಯಿಪಾಠ ಮಾಡಿಸಿದರು,
ಹೋದ ಉಕಾರ ಎಲ್ಲಿಗೆ ಹೋಯಿತೆಂದು ಹೇಳಲಿಲ್ಲ.

ಇರ್ಮೆಲಿಗೆ ಈ ಹೆಸರುಗಳು ಗೊತ್ತಿಲ್ಲ.
ಆದರೂ ರಾತ್ರಿಯಿಡೀ ತಡಕಾಡಿದ್ದು ಆ ಯಕಾರಕ್ಕೇ.
ಸಿಕ್ಕಿತು, ಒಂದು ಸಣ್ಣ ಸ್ವಿಚ್ಚು:
ಬರುವ ಒಂದು ಆವೃತ್ತಿಯ ಮಟ್ಟಿಗೆ
ಖಾಲಿ ಸಾಲನ್ನು ಕ್ಷಮಿಸು; ಗೊಣಗಿಕೊಂಡು ಕ್ಷಮಿಸು.
ಪಿಹ್ಲಾ ಎರಡು ದಿನ ಮುನಿಸಿಕೊಂಡಳು.
ಮೂರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ
ಒಂದೇ ಪದದ ಒಪ್ಪಿಗೆ: ಆಗಲಿ.
ಮಗು ಎದ್ದಿರಬೇಕು.

ಶುಕ್ರವಾರ ಕೂಡಿಸಿದರು.
ಹದಿನೇಳು ಕೆಂಪೂ ಹಸಿರಾಗುವ ತನಕ
ಇರ್ಮೆಲಿ ಒಣ ರೊಟ್ಟಿ ಮುರಿಯುತ್ತ ನಿಂತಿದ್ದಳು.
ಆಮೇಲೆ, ರೂಢಿಯಂತೆ,
ಉಪಕರಣ ತನ್ನ ಬಗ್ಗೆ ತಾನೇ ಪುಟ ಬರೆದುಕೊಂಡಿತು.
ಮೂರು ಆವರಣದ ಒಳಗೆ, ಹಳೆಯದರ ಕಣ್ಣು ಎಂದೂ ಹಾಯದ ಮೂಲೆಯಿಂದ
ಸಾಲೊಂದು ಎದ್ದು ಬಂದು ಪುಟದ ನಡುವೆ ನಿಂತಿತು,
ದಪ್ಪಕ್ಷರದಲ್ಲಿ, ಲೋಕಕ್ಕೆಲ್ಲ ಕಾಣುವಂತೆ:
"ಹೀಟರು ಕೆಟ್ಟಿದೆ, ಬೆರಳು ಮಡಚಲು ಬರುತ್ತಿಲ್ಲ.
ಅಪ್ಪ ಇನ್ನೂ ಆಸ್ಪತ್ರೆಯಲ್ಲಿ.
ಇದನ್ನು ನಾಳೆ ಸರಿಮಾಡುತ್ತೇನೆ."

ಅಳಿಸುವುದು ಒಂದು ಗುಂಡಿಯ ಕೆಲಸ.
ಬಾಕಿ ಕೆಲಸಗಳ ಪಟ್ಟಿಯ ಕೊನೆಯಲ್ಲಿ ಬರೆದಳು:
"ವೇಯ್ಕೋನ ಸಾಲು. ಕೇಳಬೇಕು."
ಕೋಟು ಹಾಕಿಕೊಂಡು ಹೊರಟಳು.
ಔರಾ ನದಿಯ ಮೇಲೆ ಕಿತ್ತಳೆ ಬಣ್ಣದ ಪುಟ್ಟ ದೋಣಿ
ಆ ದಡಕ್ಕೊಮ್ಮೆ, ಈ ದಡಕ್ಕೊಮ್ಮೆ,
ಟಿಕೀಟು ಕೇಳುವುದಿಲ್ಲ.
ಹತ್ತಿದ ಮೇಲೆ ನೆನಪಾಯಿತು,
ಕೈಗವಸು ಮೇಜಿನ ಮೇಲೇ ಉಳಿದಿದೆ.