ಮೂರನೇ ದಿನ ಖಾಲಿ ಇಟ್ಟಿದ್ದೇನೆ

ಹೂಗಾರ ಮೇಷ್ಟರೇ,
ನಿಮ್ಮ ಫೋನು ಬಂದ ಮೇಲೆ
ಟ್ಯಾಕ್ಸಿಯ ಬಿಲ್ ಬುಕ್ಕಿನ ಹಿಂಬದಿಗೆ ಬರೆಯುತ್ತ ಕೂತಿದ್ದೇನೆ.
ಮೂರು ದಿನ, ನಾಲ್ಕು ಜನ,
ಅದರಲ್ಲೊಂದು ಜೊತೆ ನೋಯುವ ಮೊಣಕಾಲು.
ಗದಗ ಬಿಡುವಾಗಲೇ ನಿಮ್ಮ ಅತ್ತೆಯವರಿಗೆ ಹೇಳಿಬಿಡಿ:
ಇಲ್ಲಿ ಸೂರ್ಯ ಮುಳುಗುವುದನ್ನು ಕೂತೇ ನೋಡಬಹುದು.

ಕೋಟೆ ಮೊದಲು ಅಂದಿರಿ. ಆಗಲಿ.
ಸದಾಶಿವಗಡಕ್ಕೆ ಕಾಳಿ ದಾಟಬೇಕು.
ಹಳೇ ಸೇತುವೆ ಒಂದು ಮಳೆಗಾಲದ ರಾತ್ರಿ ಹೊಳೆಗೆ ಬಿತ್ತು,
ಹೋಗುವವರು ಬರುವವರು ಎಲ್ಲ ಉಳಿದ ಒಂದರ ಮೇಲೇ.
ನಿಮ್ಮ ಪಟ್ಟಿಯಲ್ಲಿ ಹತ್ತು ನಿಮಿಷ ಅಂತಿದೆ,
ತಿದ್ದಿಕೊಳ್ಳಿ.
ಮೇಲೆ ಕೋಟೆ ಹೆಚ್ಚೇನಿಲ್ಲ, ಸುಳ್ಳು ಹೇಳುವುದಿಲ್ಲ,
ಕಲ್ಲಿಗಿಂತ ಹುಲ್ಲು ಜಾಸ್ತಿ.
ಆದರೆ ಹೊಳೆ ಸಮುದ್ರಕ್ಕೆ ಸೇರುವ ಗೆರೆ ಅಲ್ಲಿಂದ ಕಾಣುತ್ತದೆ,
ಚಹಾಕ್ಕೆ ಹಾಲು ಬಿಟ್ಟವರು
ಕಲಕುವುದನ್ನು ಮರೆತ ಹಾಗೆ.
ಇಸವಿ ಮಾತ್ರ ಕೇಳಬೇಡಿ. ನೀವು ಇತಿಹಾಸ ಕಲಿಸುವವರು.
ನನಗೆ ಗೊತ್ತಿರುವುದು
ಯಾವ ತಿರುವಿನಲ್ಲಿ ಬ್ರೇಕ್ ಒತ್ತಬೇಕೆಂಬುದು.

ಕಡವಾಡವನ್ನೂ ಬರೆದಿದ್ದೀರಿ, ಕೆಳಗೆ ಗೆರೆ ಎಳೆದು.
ಇಂಗ್ಲಿಷರು ಬಟ್ಟೆ ಕೊಳ್ಳಲು ಬಂದ ಊರು, ಹೌದು.
ನೋಡಲು? ಗದ್ದೆ, ಹೊಳೆ,
ಸೈಕಲ್ ಕಲಿಯುತ್ತಿರುವ ಒಬ್ಬ ಹುಡುಗಿ.
ಕ್ಯಾಮೆರಾ ತಂದವನೊಬ್ಬ ಊರೆಲ್ಲ ಸುತ್ತಿ
"ಎಲ್ಲಿದೆ?" ಅಂದ.
"ಇದೇ" ಅಂದೆ.
ಬಾಡಿಗೆ ಕೊಡುವಾಗ ಮುಖ ಗಂಟಿಕ್ಕಿದ.

ಕೂರ್ಮಗಡ ಯಾವ ದಿನ ಅಂತ ನಾನು ಹೇಳುವಂತಿಲ್ಲ,
ದೋಣಿಯ ರಘುವೀರ ದುರ್ಗೇಕರನೂ ಹೇಳುವಂತಿಲ್ಲ,
ಸಮುದ್ರ ಹೇಳಬೇಕು.
ಸುಕ್ತಿ ಇದ್ದರೆ ಕೆಸರಲ್ಲಿ ನಡೆದು ದೋಣಿ ಹತ್ತಬೇಕಾಗುತ್ತದೆ.
ಅತ್ತೆಯವರು ಅಷ್ಟು ಹೊತ್ತು ಯುದ್ಧನೌಕೆಯಲ್ಲಿರಲಿ,
ದಡದಲ್ಲೇ ನಿಲ್ಲಿಸಿಟ್ಟಿದ್ದಾರೆ, ಅಲುಗಾಡುವುದಿಲ್ಲ,
ಹೊಟ್ಟೆ ತೊಳೆಸುವುದಿಲ್ಲ.
ಮೀನು ಬೇಡವೆಂದಿರಿ. ಜೋಳದ ರೊಟ್ಟಿ ಸಿಗುವುದು ಕಷ್ಟ.
ಮೂರು ದಿನ ಹೇಗಾದರೂ ತಡೆದುಕೊಳ್ಳಿ.

ಮೂರನೇ ದಿನದ ಮುಂದೆ ಏನೂ ಬರೆದಿಲ್ಲ.
ಮರೆತದ್ದಲ್ಲ.

ಬೆಳಿಗ್ಗೆ ಬಿಣಗಾ ಕಡೆ ಹೊರಡೋಣ.
ಸುರಂಗ ದಾಟಿ ಸ್ವಲ್ಪ ಹೋದರೆ ಬಲಗಡೆ ಗೋಡೆ,
ಗೋಡೆಯ ಮೇಲೆ ಮುಳ್ಳುತಂತಿ,
ಫೋಟೋ ತೆಗೆಯಬಾರದೆಂಬ ಬೋರ್ಡು.
ಒಳಗೆ ನೌಕಾನೆಲೆ. ನಿಮ್ಮ ಪುಸ್ತಕದಲ್ಲಿ ಇರುವುದು ಅಷ್ಟೇ.
ಅರ್ಗಾದ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸುತ್ತೇನೆ.
ಎರಡು ಗೇರುಮರಗಳ ನಡುವೆ ನೀರು ಕಾಣುತ್ತದೆ,
ನಾಲ್ಕು ಸೆಕೆಂಡು,
ಲಾರಿ ಅಡ್ಡ ಬಂದರೆ ಎರಡು.

ಅಲ್ಲಿ ಆಯಿ ಬಲೆ ಒಣಗಿಸುತ್ತಿದ್ದಳು.
ಹತ್ತು ಮಾರು ಆಚೆ ಉಪ್ಪುನೀರು,
ನಮ್ಮ ಬಾವಿಯದು ಮಾತ್ರ ಸಿಹಿ.
ಜೀಪಿನಲ್ಲಿ ಬಂದವರು ತೆಂಗಿನಮರ ಎಣಿಸಿದರು,
ಗೋಡೆ ಅಳೆದರು, ಬಾವಿಯ ಆಳ ಕೇಳಿದರು.
ಆಯಿ ಎರಡು ಮೊಳ ಹೆಚ್ಚು ಹೇಳಿದಳು.
ಆಗ ನನಗೆ ಹದಿನಾರು.
ಈಗ ತೋಡೂರು ಕಾಲೊನಿಯಲ್ಲಿ ನಳದ ನೀರು,
ದಿನ ಬಿಟ್ಟು ದಿನ.

ಕಾರು ನಿಲ್ಲಿಸಲಾಗುವುದಿಲ್ಲ,
ಹಿಂದಿನವರು ಹಾರ್ನ್ ಹೊಡೆಯುತ್ತಾರೆ.
ಬೇಕಿದ್ದರೆ ತಿರುಗಿಸಿಕೊಂಡು ಬಂದು ಇನ್ನೊಮ್ಮೆ ಹೋಗಬಹುದು.
ಸಾಮಾನ್ಯವಾಗಿ ನಾನು ಎರಡು ಸಲ ಹೋಗುತ್ತೇನೆ.

ಆ ದಿನದ ಬಾಡಿಗೆ ಅರ್ಧ.
ಪೂರ್ತಿ ಬಿಟ್ಟರೆ ಶಾಲಿನಿ ಲೆಕ್ಕ ಕೇಳುತ್ತಾಳೆ.
ಮತ್ತೆ, ಅತ್ತೆಯವರನ್ನು
ಎಡಗಡೆ ಕಿಟಕಿಗೆ ಕೂರಿಸಬೇಡಿ.