ತಟ್ಟಿ ನೋಡುವ ಕೆಲಸ

ಬೆಳಗಿನ ನಾಲ್ಕೂವರೆ. ದಾಸರಹಳ್ಳಿಯ ಎರಡನೇ ಮಹಡಿ.
ಬೋರ್‌ವೆಲ್ ಮೋಟರಿನ ಗೊರಗೊರದ ಜೊತೆಗೆ
ನನ್ನ ಪಾಠ:
ಉಕ್ಕಿನೊಳಗೆ ಸದ್ದು ಎಷ್ಟು ವೇಗ ಓಡುತ್ತದೆ?
ಸೆಕೆಂಡಿಗೆ ಐದು ಸಾವಿರದ ಒಂಬೈನೂರು ಮೀಟರು,
ಚಿಲ್ಲರೆ.
ಆ ಚಿಲ್ಲರೆ ಮರೆತಿದೆ.
ಹಾಲಿನವನ ಚಿಲ್ಲರೆ ಮಾತ್ರ ನೆನಪಿದೆ, ತಿಂಗಳುವಾರು.

ಪೀಣ್ಯದ ಎರಡನೇ ಹಂತದಲ್ಲಿ ಒಂದು ಕಾಲಕ್ಕೆ
ಕ್ರೇನಿನ ಕೊಕ್ಕೆಗಳನ್ನು ಪಾಸು ಮಾಡುತ್ತಿದ್ದವಳು ನಾನು.
ಹೊರಗೆ ಫಳಫಳ; ಒಳಗೆ ಕೂದಲೆಳೆಯ ಬಿರುಕು.
ಗ್ರೀಸು ಹಚ್ಚಿ, ಕೊಕ್ಕೆಯ ಬೆನ್ನ ಮೇಲೆ ಪ್ರೋಬು ಆಡಿಸಿ,
ಪರದೆಯಲ್ಲೆದ್ದ ಗೆರೆ ನೋಡಿ
ಬೇಡ ಅಂದರೆ ಬೇಡ.
ಮಾಲೀಕರೂ ಎದುರಾಡುತ್ತಿರಲಿಲ್ಲ.
ಸಂತೆಯಲ್ಲಿ ಅಜ್ಜಿ ಮಡಕೆ ತಟ್ಟಿ ಕೊಂಡ ಹಾಗೆ,
ಅಷ್ಟೇಮ್ಮಾ ಈ ವಿದ್ಯೆ, ಅನ್ನುತ್ತಿದ್ದರು ಫೋರ್‌ಮನ್ ದೊರೈರಾಜ್.

ಆಮೇಲೆ ಹನ್ನೊಂದು ವರ್ಷ ತಟ್ಟಿದ್ದೇ ಬೇರೆ.
ಎಳೆ ಬೆನ್ನು, ತೇಗು ಬರುವವರೆಗೆ.
ರೊಟ್ಟಿ, ಅಂಚು ಸೀಳದಂತೆ.
ಜ್ವರದ ರಾತ್ರಿ ಎಂಟನೇ ಮೈಲಿಯ ಡಾಕ್ಟರ ಶಟರು.

ಗುರುವಾರ ಹನ್ನೊಂದಕ್ಕೆ ಬರಲು ಹೇಳಿದ್ದಾರೆ.
ಮೊದಲು ಲಿಖಿತ. ಆಮೇಲೆ ಒಂದು ಕಬ್ಬಿಣದ ತುಂಡು ಮುಂದಿಟ್ಟು
ಎಲ್ಲಿ ಒಡೆದಿದೆ ಹುಡುಕು ಅನ್ನುತ್ತಾರಂತೆ.
ಕೊನೆಗೆ ಮೇಜಿನಾಚೆ ನಾಲ್ಕು ಜನ.
ಫಿಲೋಮಿನಾ ಫೋನಿನಲ್ಲಿ:
"ನಿನ್ನ ಕಾಲದ ಮಷೀನು ಗುಜರಿಯವನೂ ತಗೊಳಲ್ಲ ಕಣೆ,
ಈಗೆಲ್ಲ ಬಣ್ಣದ ಚಿತ್ರ ಬರುತ್ತೆ."
ಕಣ್ಣಿನ ಪರೀಕ್ಷೆಯೂ ಇದೆಯಂತೆ, ಇರುವೆ ಸಾಲಿನಂಥ ಅಕ್ಷರ.
ಅದಕ್ಕೇನು,
ರಾತ್ರಿ ಎರಡಕ್ಕೆ ಮೊಬೈಲ್ ಬೆಳಕಿನಲ್ಲಿ
ಸಿರಪ್ಪಿನ ಸೀಸೆಯ ಬೆನ್ನು ಓದಿದವಳು ನಾನು.

"ಆಗದಿದ್ರೆ ಬಿಡು, ನಮಗೇನು ಕಡಿಮೆಯಾಗಿದೆ" ಎಂದ ಪರಮೇಶ.
ಒಳ್ಳೆಯ ಮಾತೇ.
ಅದಕ್ಕೇ ಎರಡು ದಿನ ನಿದ್ದೆ ಬರಲಿಲ್ಲ.

ಸಂಜೆ ಚಿರಂತ ಅಪ್ಪನ ಕನ್ನಡಕ ಏರಿಸಿ
ಸ್ಟೂಲಿನ ಮೇಲೆ ಕೂತ, ಕಾಲು ನೆಲಕ್ಕೆ ಎಟುಕದೆ.
"ಹನ್ನೊಂದು ವರ್ಷ ಏನ್ ಮಾಡ್ತಿದ್ರಿ ಮೇಡಂ?"
ಕೌಟುಂಬಿಕ ಕಾರಣಗಳಿಂದಾಗಿ, ಅಂತ ಶುರು ಮಾಡಿದೆ.
"ಅದು ರಜಾ ಚೀಟಿ ಥರ ಇದೆ. ನೆಕ್ಸ್ಟ್."
ಸಮಯಪಾಲನೆ, ಏಕಕಾಲಕ್ಕೆ ಹಲವು ಕೆಲಸ...
"ಸುಳ್ಳು. ನಿನ್ನೆ ವ್ಯಾನ್ ಮಿಸ್ ಆಯ್ತು."
ನಿನ್ನನ್ನು ನೋಡ್ಕೊಂಡೆ ಕಣೋ, ಅಂದೆ, ಸಾಕಾಗಿ.
ಕನ್ನಡಕ ತೆಗೆದ. ಅದರ ಕಡ್ಡಿಯನ್ನು
ಮಡಿಸಿದ, ಬಿಚ್ಚಿದ.
"ಹಂಗಾದ್ರೆ ತಪ್ಪು ನಂದಾ?"

ಅಲ್ಲ ಮರೀ, ಅಂದೆ. ತಡಮಾಡದೆ ಅಂದೆ.
ಮಾತು ಹೊರಬಿದ್ದ ಮೇಲೆ ನಾನೇ ತಟ್ಟಿ ನೋಡಿದೆ:
ಟಣ್ ಅನ್ನಲಿಲ್ಲ.
ಪೂರಾ ಒಡಕು ಅಂತಲೂ ಅನ್ನಿಸಲಿಲ್ಲ.
ಅವನಿಗೆ ಒಂದು ಲೋಟ ಹಾಲು ಕೊಟ್ಟು
ಪುಸ್ತಕದ ಏಳನೇ ಅಧ್ಯಾಯ ತೆಗೆದೆ:
ಕಂಡ ಗೆರೆಯೆಲ್ಲ ದೋಷವಲ್ಲ,
ಎಷ್ಟು ಮಿಲಿಮೀಟರಿನವರೆಗೆ ಒಪ್ಪಬಹುದು
ಎಂಬುದಕ್ಕೆ ಕೋಷ್ಟಕ ನೋಡಿ.
ಕೋಷ್ಟಕದ ಪುಟಕ್ಕೆ ಯಾವಾಗಲೋ ಸಾರು ಚೆಲ್ಲಿದೆ.

ಬುಧವಾರ ರಾತ್ರಿ ಅಟ್ಟದಿಂದ ಸೇಫ್ಟಿ ಶೂ ಇಳಿಸಿದೆ.
ಎಡದ್ದರೊಳಗೆ ಒಂದು ಗೋಲಿ, ಒಣಗಿದ ಜಿರಳೆ.
ಒರೆಸಿ, ಹಾಕಿಕೊಂಡು
ಸಿಂಕಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಸಿಂಕಿಗೆ
ನಡೆದು ನೋಡಿದೆ, ಉಕ್ಕಿನ ಮೂತಿಯ ಟಕ್ ಟಕ್.

ಕೆಳಮನೆಯ ಲತೀಫಾ ಆಂಟಿ
ಪೊರಕೆ ಕೋಲಿನಿಂದ ಸೂರು ತಟ್ಟಿದರು:
"ಯಾರಮ್ಮ ಅದು, ಇಷ್ಟು ಹೊತ್ತಲ್ಲಿ?"
ನಾನೇ, ಅಂದೆ.
ಕೇಳಿಸಿರಲಿಕ್ಕಿಲ್ಲ.
ಇನ್ನೊಂದು ಸುತ್ತು ಹಾಕಿದೆ, ಮೆಲ್ಲಗೆ.
ಬಲಗಾಲು ಕಚ್ಚುತ್ತಿತ್ತು.